ಅತ್ತೆಯ ಡಯಾಲಿಸಿಸ್ ಮನೆಗೆ ಬಂದ ಮೇಲೆ

ಬದಿಯಡ್ಕ ಪೇಟೆಯಿಂದ ಇನ್ನೂ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಮನೆ. ಮಂಗಳೂರಿನ ಆಸ್ಪತ್ರೆಗೆ ಹೋಗಿಬರಬೇಕೆಂದರೆ ಒಂದು ದಿನ ಹೋಯಿತು ಎಂದೇ ಲೆಕ್ಕ. ಕಾಸರಗೋಡಿನವರಿಗೆ ಇದು ಹೊಸದಲ್ಲ. ರಾಜಧಾನಿ ತಿರುವನಂತಪುರ ನಮಗೆ 500 ಕಿಲೋಮೀಟರಿಗಿಂತಲೂ ದೂರ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ಹಾಗಾಗಿ ಹೆರಿಗೆಯಿಂದ ಹಿಡಿದು ಹೃದಯದ ಆಪರೇಷನ್‌ವರೆಗೆ ಎಲ್ಲದಕ್ಕೂ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವುದೇ ಇಲ್ಲಿಯ ರೂಢಿ.

ಅತ್ತೆಗೆ ಸಕ್ಕರೆ ಕಾಯಿಲೆ ತುಂಬಾ ವರ್ಷಗಳಿಂದ ಇತ್ತು. ಕಾಲು ಬಾತುಕೊಳ್ಳಲು ಶುರುವಾಯಿತು. ಊಟ ಸೇರದಾಯಿತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಿಡ್ನಿ ಎರಡೂ ಹೆಚ್ಚುಕಡಿಮೆ ನಿಂತಿವೆ, ಡಯಾಲಿಸಿಸ್ ಬೇಕೇ ಬೇಕು ಎಂದರು ಡಾಕ್ಟರು. ಮೊದಲಿಗೆ ಕುತ್ತಿಗೆಗೆ ಟ್ಯೂಬ್ ಹಾಕಿ ಯಂತ್ರದಲ್ಲಿ ರಕ್ತ ಶುದ್ಧ ಮಾಡುವ ಹೀಮೋಡಯಾಲಿಸಿಸ್. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಮುಗಿಸಿ ಏಳುವಾಗ ಅತ್ತೆಯ ಬಿ.ಪಿ. ಇಳಿದು ಹೋಗುತ್ತಿತ್ತು. ಮನೆಗೆ ಬಂದವರು ಮಾರನೇ ದಿನ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಎದ್ದು ಸ್ವಲ್ಪ ಚೇತರಿಸಿಕೊಳ್ಳುವಷ್ಟರಲ್ಲಿ ಮತ್ತೆ ಹೊರಡುವ ದಿನ ಬಂದಿರುತ್ತಿತ್ತು.

ಡಾಕ್ಟರು ಇನ್ನೊಂದು ದಾರಿ ಹೇಳಿದರು: ಪೆರಿಟೋನಿಯಲ್ ಡಯಾಲಿಸಿಸ್. ನಮ್ಮ ಹೊಟ್ಟೆಯ ಒಳಗೆ ಕರುಳನ್ನು ಸುತ್ತಿಕೊಂಡು ಒಂದು ತೆಳು ಪೊರೆ ಇದೆ. ಹೊಟ್ಟೆಗೆ ಒಂದು ಮೆತ್ತನೆಯ ಟ್ಯೂಬ್ ಹಾಕಿ, ಅದರ ಮೂಲಕ 2 ಲೀಟರ್ ದ್ರಾವಣ ಬಿಡುತ್ತಾರೆ. ನಾಲ್ಕೈದು ಗಂಟೆ ಅದು ಒಳಗೇ ಇರುತ್ತದೆ. ರಕ್ತದಲ್ಲಿರುವ ಕಲ್ಮಶ ಮತ್ತು ಜಾಸ್ತಿ ನೀರು ಆ ಪೊರೆಯ ಮೂಲಕ ದ್ರಾವಣಕ್ಕೆ ಇಳಿಯುತ್ತದೆ. ಆಮೇಲೆ ಅದನ್ನು ಹೊರಗೆ ಬಿಟ್ಟು ಹೊಸ ಚೀಲ ಹಾಕುವುದು. ಒಂದು ಸಲ ಬದಲಿಸಲು ಅರ್ಧ ಗಂಟೆಯ ಮೇಲೆ ಬೇಕು. ದಿನಕ್ಕೆ ಮೂರು ಅಥವಾ ನಾಲ್ಕು ಸಲ. ಇಷ್ಟನ್ನೂ ಮನೆಯಲ್ಲೇ ಮಾಡಬಹುದು.

ನಮ್ಮಲ್ಲಿ ಇದಕ್ಕೆ ಒಪ್ಪಿಗೆ ಬೀಳಲು 2020ರ ನೆನಪೇ ದೊಡ್ಡ ಕಾರಣ. ಆ ವರ್ಷ ಮಾರ್ಚ್‌ನಲ್ಲಿ ಕೊರೊನಾ ಎಂದು ಕರ್ನಾಟಕದ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಡಾಕ್ಟರನ್ನೇ ನಂಬಿಕೊಂಡಿದ್ದ ರೋಗಿಗಳು ತಲಪಾಡಿಯಲ್ಲಿ ಆಂಬುಲೆನ್ಸ್‌ನಲ್ಲಿ ಕಾದರು. ಕೆಲವರು ದಾರಿಯಲ್ಲೇ ತೀರಿಕೊಂಡರು. ಆಗ ಅತ್ತೆಗೆ ಡಯಾಲಿಸಿಸ್ ಇರಲಿಲ್ಲ. ಆದರೆ ಪೇಪರಿನಲ್ಲಿ ಓದಿದ್ದನ್ನು ಅವರು ಮರೆತಿರಲಿಲ್ಲ. "ಇನ್ನೊಮ್ಮೆ ಹಾಗಾದರೆ ನಾನೆಲ್ಲಿಗೆ ಹೋಗಲಿ? ಮನೆಯಲ್ಲಿ ಆಗುವುದಾದರೆ ಅದೇ ಆಗಲಿ," ಎಂದರು. ನಿರ್ಧಾರ ಅವರದ್ದೇ. ನಾವು ಜೊತೆ ನಿಂತೆವು, ಅಷ್ಟೆ.

ಖರ್ಚಿನ ಬಗ್ಗೆ ಒಂದು ಮಾತು, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಬಡ ರೋಗಿಗಳಿಗೆ ಡಯಾಲಿಸಿಸ್ ಸಿಗಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲಿ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರು ಮಾಡಿತು. 2019ರಲ್ಲಿ ಪೆರಿಟೋನಿಯಲ್ ಡಯಾಲಿಸಿಸ್‌ಗೂ ಅದರಲ್ಲಿ ಮಾರ್ಗಸೂಚಿ ಬಂತು. ಕೇರಳದಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕ ಇದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯೂ ಇದೆ. ಚೀಲಕ್ಕೆಲ್ಲ ದುಡ್ಡು ಎಲ್ಲಿಂದ ಎಂದು ಹೆದರಿ ಕೂರುವ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಲೇಬೇಕು.

ಟ್ಯೂಬ್ ಹಾಕಿ ಗಾಯ ಮಾಗಲು ಎರಡು ವಾರ ಬಿಟ್ಟರು. ಆ ಹೊತ್ತಿನಲ್ಲಿ ನನಗೆ ತರಬೇತಿ. ಕೈ ತೊಳೆಯುವುದು, ಮಾಸ್ಕ್ ಹಾಕುವುದು, ಫ್ಯಾನ್ ಆರಿಸಿ ಕಿಟಕಿ ಮುಚ್ಚುವುದು, ಟ್ಯೂಬಿನ ತುದಿ ಯಾವುದಕ್ಕೂ ತಾಗದಂತೆ ಜೋಡಿಸುವುದು. ಕಲಿಸಿದ ಸಿಸ್ಟರ್ ಕಾಞಂಗಾಡಿನ ಕಡೆಯವರು. ಅತ್ತೆಯ ಹತ್ತಿರ ಮಲಯಾಳದಲ್ಲಿ ಮಾತು, ನನ್ನ ಹತ್ತಿರ ಅರ್ಧ ಕನ್ನಡ ಅರ್ಧ ತುಳು. ಇಡೀ ಕ್ರಮವನ್ನು ನನ್ನ ಫೋನಿನಲ್ಲೇ ವಿಡಿಯೋ ಮಾಡಿಸಿದರು. "ಬೇರೆ ಯಾರದ್ದೋ ವಿಡಿಯೋ ನೋಡಬೇಡಿ ಅಕ್ಕ. ನಿಮ್ಮ ಕೈಯನ್ನೇ ನೋಡಿ ಕಲಿಯಿರಿ," ಎಂದರು. ಮೊದಲ ವಾರಗಳಲ್ಲಿ ಆ ವಿಡಿಯೋ ಪಕ್ಕದಲ್ಲಿಟ್ಟುಕೊಂಡೇ ಚೀಲ ಬದಲಿಸಿದ್ದು. ಎಲ್ಲೂ ಸಿಗದಷ್ಟು ಒಳ್ಳೆಯ ಪಾಠ ಅದು.

ಫೋನಿನ ಉಪಯೋಗ ಅಲ್ಲಿಂದ ಶುರು. ಮನೆಯಲ್ಲಿ ಡಯಾಲಿಸಿಸ್ ಮಾಡುವವರು ದಿನವೂ ಬರೆದಿಡಬೇಕಾದ್ದು ಸುಮಾರು ಇದೆ. ಬೆಳಗಿನ ತೂಕ, ಬಿ.ಪಿ., ಸಕ್ಕರೆ. ಎಷ್ಟು ದ್ರಾವಣ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು. 2000 ಎಂ.ಎಲ್. ಹಾಕಿ 2300 ಬಂದರೆ ಮೈಯಿಂದ 300 ನೀರು ಹೋಯಿತು ಎಂದರ್ಥ. ಬಂದ ನೀರು ತಿಳಿಯಾಗಿದೆಯೋ ಇಲ್ಲವೋ. ಟ್ಯೂಬ್ ಹೊರಬರುವ ಜಾಗ ಕೆಂಪಾಗಿದೆಯೋ. ದ್ರಾವಣದಲ್ಲಿ ಸಕ್ಕರೆಯ ಅಂಶ ಜಾಸ್ತಿ ಇದ್ದಷ್ಟೂ ನೀರು ಜಾಸ್ತಿ ಎಳೆಯುತ್ತದೆ. ಹಾಗಾಗಿ ಯಾವ ಚೀಲ ಹಾಕಿದೆವು ಎಂಬುದನ್ನೂ ಬರೆಯಬೇಕು. ಅತ್ತೆಗೆ ಸಕ್ಕರೆ ಕಾಯಿಲೆಯೂ ಇರುವುದರಿಂದ ಹೆಚ್ಚು ಸಕ್ಕರೆಯ ಚೀಲವನ್ನು ಸುಮ್ನೆ ಹಾಕುವಂತಿಲ್ಲ.

ಇದಕ್ಕೆಲ್ಲ ಒಂದು ಆ್ಯಪ್ ಹಾಕಿಕೊಟ್ಟರು. ಅದರಲ್ಲಿ ಇರುವುದೆಲ್ಲ ಇಂಗ್ಲಿಷ್. ನೆಟ್‌ವರ್ಕ್ ಇಲ್ಲದಿದ್ದರೆ ತೆರೆಯುವುದೇ ಇಲ್ಲ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಪೂರ್ವದ ಮೂಲೆಯಲ್ಲಿ ಮಾತ್ರ. ಮಳೆ ಹಿಡಿದರೆ ಅಲ್ಲೂ ಇಲ್ಲ. ಅರ್ಧ ತುಂಬಿಸಿದ ಮೇಲೆ ಸಂಪರ್ಕ ಕಡಿದರೆ ಬರೆದದ್ದೆಲ್ಲ ಅಳಿಸಿ ಹೋಗುತ್ತಿತ್ತು. ಅದಕ್ಕಿಂತ ಬೇಸರದ ವಿಷಯ, ಅತ್ತೆಗೆ ಅದು ಓದಲು ಬರುತ್ತಿರಲಿಲ್ಲ. ಅವರ ಹೊಟ್ಟೆ, ಅವರ ರಕ್ತ, ಅವರ ಲೆಕ್ಕ. ಅವರೇ ನೋಡಿ ತಿಳಿಯದ ದಾಖಲೆಗೆ ಏನು ಅರ್ಥ, ಅಲ್ವಾ?

ಇವರು, ಅಂದರೆ ನನ್ನ ಗಂಡ, ಮಂಗಳೂರಿನಲ್ಲಿ ಕೆಲಸ ಮಾಡುವುದು, ವಾರದ ಕೊನೆಗೆ ಮನೆಗೆ ಬರುವುದು. ಒಂದು ಭಾನುವಾರ ಕೂತು ಗೂಗಲ್ ಶೀಟ್‌ನಲ್ಲಿ ಕನ್ನಡದಲ್ಲೇ ಒಂದು ಹಾಳೆ ಮಾಡಿದರು. ಅಂಕಣದ ಹೆಸರುಗಳನ್ನು ಅತ್ತೆಯೇ ಹೇಳಿದ್ದು: "ತೂಕ", "ಒಳಗೆ", "ಹೊರಗೆ", "ನೀರಿನ ಬಣ್ಣ", "ಕಾಲು". ಕಾಲು ಎಂದರೆ ಬಾತಿದೆಯೋ ಇಲ್ಲವೋ ಎಂದು. ನಮಗೆ ಬರುವ ಚೀಲಗಳಲ್ಲಿ ಸಕ್ಕರೆಯ ಅಂಶ 1.5 ಶೇಕಡಾ ಇರುವುದಕ್ಕೆ ಹಳದಿ ಗುರುತು, 2.5ಕ್ಕೆ ಹಸಿರು, 4.25ಕ್ಕೆ ಕೆಂಪು. ಹಾಳೆಯಲ್ಲೂ ಅದೇ ಬಣ್ಣ ಇಟ್ಟೆವು. ಸಂಖ್ಯೆ ಟೈಪ್ ಮಾಡುವುದು ಬೇಡ, ಬಣ್ಣ ಒತ್ತಿದರೆ ಸಾಕು. ನೆಟ್‌ವರ್ಕ್ ಇಲ್ಲದಾಗಲೂ ಬರೆಯುವಂತೆ ಮಾಡಿಟ್ಟರು. ಸಂಪರ್ಕ ಬಂದಾಗ ಅದು ತಾನಾಗಿ ಸೇರಿಕೊಳ್ಳುತ್ತದೆ.

ಈ ಹಾಳೆ ಇರುವುದು ನಾಲ್ಕು ಜನರ ಹತ್ತಿರ ಮಾತ್ರ. ನಾನು, ಇವರು, ಸಿಸ್ಟರ್, ಡಾಕ್ಟರು. ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಹಾಕಿ ಎಂದು ಕೆಲವರು ಕೇಳಿದರು. ಅತ್ತೆ ಬೇಡ ಎಂದರು, ನಾವು ಹಾಕಲಿಲ್ಲ. ಕಾಯಿಲೆಯವರ ದಾಖಲೆ ಊರಿಡೀ ತಿರುಗುವ ವಸ್ತುವಲ್ಲ.

ಪುಸ್ತಕದಲ್ಲಿ ಬರೆದರೂ ಇದೇ ಸಂಖ್ಯೆಗಳು, ಫೋನಿನಲ್ಲಿ ಏನು ವಿಶೇಷ ಎಂದು ಮಾವ ಕೇಳಿದ್ದರು. ಅದರ ಉತ್ತರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ ಸಿಕ್ಕಿತು. ಜೋರು ಮಳೆ, ಮನೆಯಿಂದ ಹೊರಗೆ ಕಾಲಿಡಲು ಆಗದ ದಿನಗಳು. ಅತ್ತೆಗೆ ನೋವಿಲ್ಲ, ಜ್ವರ ಇಲ್ಲ. ಆದರೆ ಹೊರಗೆ ಬರುವ ನೀರು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿತ್ತು. ಒಂದು ದಿನ 2250, ಮತ್ತೊಂದು ದಿನ 2180, ಆಮೇಲೆ 2100. ಒಂದೊಂದೇ ದಿನ ನೋಡಿದರೆ ಏನೂ ಅನ್ನಿಸುವುದಿಲ್ಲ. ಹಾಳೆಯಲ್ಲಿ ಅದರ ಗ್ರಾಫ್ ಬರುತ್ತದಲ್ಲ, ಅದರ ಗೆರೆ ಸ್ಪಷ್ಟವಾಗಿ ಕೆಳಗೆ ಇಳಿಯುತ್ತಿತ್ತು. ತೂಕದ ಗೆರೆ ಮೇಲೆ ಹೋಗುತ್ತಿತ್ತು. ಅಂದರೆ ನೀರು ಮೈಯಲ್ಲೇ ಉಳಿಯುತ್ತಿತ್ತು.

ಮಂಗಳೂರಿನಲ್ಲಿ ಕೂತ ಇವರಿಗೆ ಕಂಡಿತು. ಸಿಸ್ಟರ್‌ಗೂ ಕಂಡಿತು. ಅವರು ವಿಡಿಯೋ ಕಾಲ್ ಮಾಡಿ ಮೊದಲು ಕೇಳಿದ್ದೇ, "ಅಮ್ಮನಿಗೆ ಹೊಟ್ಟೆ ಸರಿಯಾಗಿ ಹೋಗುತ್ತಿದೆಯಾ?" ಎಂದು. ಇಲ್ಲ, ಮಲಬದ್ಧತೆ ಇತ್ತು. ಹೇಳಲು ನಾಚಿಕೆ ಎಂದು ಅತ್ತೆ ಯಾರಿಗೂ ಹೇಳಿರಲಿಲ್ಲ. ಕರುಳು ತುಂಬಿಕೊಂಡರೆ ಅದು ಟ್ಯೂಬನ್ನು ಒತ್ತುತ್ತದೆ, ಇಲ್ಲವೇ ಅದರ ತುದಿಯನ್ನು ಸರಿಸುತ್ತದೆ. ಆಗ ಒಳಗಿನ ದ್ರಾವಣ ಪೂರ್ತಿ ಹೊರಬರುವುದಿಲ್ಲ. ಡಾಕ್ಟರು ಹೊಟ್ಟೆ ಸಡಿಲವಾಗಲು ಸಿರಪ್ ಬರೆದು ಫೋನಿನಲ್ಲೇ ಚೀಟಿ ಕಳಿಸಿದರು. ಬದಿಯಡ್ಕದ ಮೆಡಿಕಲ್‌ನಲ್ಲಿ ತಂದೆವು. ಕೆಲವೇ ದಿನಗಳಲ್ಲಿ ಗೆರೆ ಮೊದಲಿನ ಜಾಗಕ್ಕೆ ಬಂತು. ಅದನ್ನು ಹಾಗೇ ಬಿಟ್ಟಿದ್ದರೆ ಉಸಿರು ಕಟ್ಟಿ ಮಧ್ಯರಾತ್ರಿ ಜೀಪ್ ಹುಡುಕಬೇಕಾಗುತ್ತಿತ್ತು. ಆ ದಿನದಿಂದ ಮಾವನೇ ಬೆಳಿಗ್ಗೆ "ಗೆರೆ ಹೇಗಿದೆ?" ಎಂದು ಕೇಳುತ್ತಾರೆ.

ಆಮೇಲೆ ನಾವು ಹೆದರುತ್ತಿದ್ದ ದಿನವೂ ಬಂತು. ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ದೊಡ್ಡ ಅಪಾಯ ಸೋಂಕು, ಪೆರಿಟೋನೈಟಿಸ್. ಅದರ ಮೊದಲ ಗುರುತು ಹೊರಬಂದ ನೀರು ಮಬ್ಬಾಗುವುದು. ಸಿಸ್ಟರ್ ನಮಗೆ ಒಂದು ಸುಲಭದ ಪರೀಕ್ಷೆ ಕಲಿಸಿದ್ದರು. ಹೊಟ್ಟೆಯಿಂದ ಹೊರಬಂದ ನೀರು ತುಂಬಿದ ಚೀಲವನ್ನು ಬೆಳಕಿನಲ್ಲಿ ಪೇಪರಿನ ಮೇಲೆ ಇಡಬೇಕು. ಚೀಲದ ಮೂಲಕ ಅಕ್ಷರ ಓದಲು ಆದರೆ ಸರಿ. ಆಗದಿದ್ದರೆ ಕೂಡಲೇ ಫೋನ್ ಮಾಡಬೇಕು. ನಾನು ದಿನವೂ ಬೆಳಗಿನ ಚೀಲವನ್ನು ಹೀಗೆ ಇಟ್ಟು ಒಂದು ಫೋಟೋ ತೆಗೆದು ಹಾಳೆಗೆ ಸೇರಿಸುತ್ತೇನೆ. ಜಗಲಿಯಲ್ಲಿ ಅದೇ ಜಾಗ, ಅದೇ ಹಗಲು ಬೆಳಕು. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಬಣ್ಣ ಬೇರೆಯಾಗಿ ಕಾಣುತ್ತದೆ.

ಆ ದಿನ ಮಧ್ಯಾಹ್ನದ ಚೀಲ ಇಟ್ಟಾಗ ಪೇಪರಿನ ದೊಡ್ಡ ತಲೆಬರಹ ಮಾತ್ರ ಕಂಡಿತು, ಕೆಳಗಿನ ಅಕ್ಷರ ಕಾಣಲಿಲ್ಲ. ಗಂಜಿ ತಿಳಿಯ ಹಾಗಿತ್ತು ನೀರು. ಅತ್ತೆಗೆ ಇನ್ನೂ ಹೊಟ್ಟೆನೋವು ಶುರುವಾಗಿರಲಿಲ್ಲ. ಫೋಟೋ ಕಳಿಸಿ ಫೋನ್ ಮಾಡಿದೆ. ಸಿಸ್ಟರ್ ಬೆಳಗಿನ ಫೋಟೋವನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಚೀಲ ಚೆಲ್ಲಬೇಡಿ. ಹಾಗೇ ಮುಚ್ಚಿ ತನ್ನಿ. ಈಗಲೇ ಹೊರಡಿ," ಎಂದರು. ನಾವು ತಲುಪುವಷ್ಟರಲ್ಲಿ ಅಲ್ಲಿ ಎಲ್ಲ ತಯಾರಿತ್ತು. ಅತ್ತೆಯ ತೂಕ, ಬಿ.ಪಿ., ಮೊದಲಿನ ರಕ್ತ ಪರೀಕ್ಷೆ, ಯಾವ ಔಷಧಿ ಆಗುವುದಿಲ್ಲ ಎಂಬುದು ಎಲ್ಲವೂ ಅವರ ಕಣ್ಣ ಮುಂದೆ ಇತ್ತು. ಕೌಂಟರಿನಲ್ಲಿ ನಿಂತು ಮೊದಲಿಂದ ಕಥೆ ಹೇಳುವ ಕೆಲಸ ಬೀಳಲಿಲ್ಲ.

ನೀರನ್ನು ಪರೀಕ್ಷೆಗೆ ಕೊಟ್ಟರು. ಒಂದು ಮೈಕ್ರೋಲೀಟರ್ ನೀರಿನಲ್ಲಿ ಬಿಳಿ ರಕ್ತಕಣ 100ಕ್ಕಿಂತ ಜಾಸ್ತಿ ಇದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಎಂಬ ಬಗೆಯದ್ದಾದರೆ ಸೋಂಕು ಎಂದು ಲೆಕ್ಕ. ಅತ್ತೆಯದ್ದು ಅದನ್ನು ಎಷ್ಟೋ ದಾಟಿತ್ತು. ಆಂಟಿಬಯೋಟಿಕ್ಕನ್ನು ಚೀಲದ ದ್ರಾವಣಕ್ಕೇ ಸೇರಿಸಿ ಹೊಟ್ಟೆಗೆ ಬಿಡುತ್ತಾರೆ ಎಂದು ನನಗೆ ಗೊತ್ತಾದದ್ದು ಆಗಲೇ. ಆ ರಾತ್ರಿ ಅತ್ತೆಗೆ ನೋವು ಜೋರಾಯಿತು. ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು. ಎರಡು ದಿನ ಕಳೆದ ಮೇಲೆ ನೀರು ತಿಳಿಯಾಗತೊಡಗಿತು. ಟ್ಯೂಬ್ ಉಳಿಯಿತು. ತಡವಾದರೆ ಟ್ಯೂಬನ್ನೇ ತೆಗೆಯಬೇಕಾಗುತ್ತದೆ, ಪೊರೆ ಹಾಳಾಗಿ ಮತ್ತೆ ಹೀಮೋಡಯಾಲಿಸಿಸ್‌ಗೇ ಹೋಗಬೇಕಾಗಬಹುದು ಎಂದು ಡಾಕ್ಟರು ಆಮೇಲೆ ಹೇಳಿದರು.

ಮನೆಗೆ ಬಂದ ಮೇಲೆ ಸಿಸ್ಟರ್ ಒಂದು ಇಡೀ ಬದಲಾವಣೆಯನ್ನು ವಿಡಿಯೋ ಕಾಲ್‌ನಲ್ಲಿ ನೋಡಿದರು. ಸೋಂಕು ಬಂದು ಹೋದ ಮೇಲೆ ಹೀಗೆ ಮತ್ತೊಮ್ಮೆ ನೋಡುವುದು ಪದ್ಧತಿಯಂತೆ. ನಳ್ಳಿಯ ಹತ್ತಿರ ಫೋನ್ ಹಿಡಿಯಿರಿ, ಕಿಟಕಿಯ ಕಡೆ ತಿರುಗಿಸಿ, ಮೇಜು ತೋರಿಸಿ ಎಂದು ಒಂದೊಂದನ್ನೇ ಪರೀಕ್ಷಿಸಿದರು. ಕೈ ಒರೆಸಲು ಬಟ್ಟೆ ಬೇಡ, ಪ್ರತಿ ಸಲ ಹೊಸ ಟಿಶ್ಯೂ ಪೇಪರ್ ಇರಲಿ ಎಂದರು. ಕಿಟಕಿಯ ಪರದೆ ತೆಗೆಸಿದರು. 50 ಕಿಲೋಮೀಟರಿಗಿಂತ ಆಚೆ ಕೂತ ಒಬ್ಬರು ನಮ್ಮ ಕೋಣೆಯ ಧೂಳನ್ನು ಕಂಡು ಹೇಳಿದರು. ಆಸ್ಪತ್ರೆಯಲ್ಲಿ ಕೂತು ಮಾತಾಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ರಾತ್ರಿ ಮಲಗಿರುವಾಗ ತಾನಾಗಿ ಚೀಲ ಬದಲಿಸುವ ಯಂತ್ರವೂ ಇದೆ. ಅದನ್ನು ಸೈಕ್ಲರ್ ಎನ್ನುತ್ತಾರೆ. ಕೆಲವು ಯಂತ್ರಗಳು ಎಷ್ಟು ಹೋಯಿತು, ಎಷ್ಟು ಬಂತು, ಎಲ್ಲಿ ತಡೆಯಿತು ಎಂಬುದನ್ನೆಲ್ಲ ಇಂಟರ್ನೆಟ್ ಮೂಲಕ ನೇರವಾಗಿ ಆಸ್ಪತ್ರೆಗೆ ಕಳಿಸುತ್ತವೆ. ಬೇಕಾದರೆ ಡಾಕ್ಟರು ಅಲ್ಲಿಂದಲೇ ಯಂತ್ರದ ಲೆಕ್ಕ ಬದಲಿಸಬಹುದು. ಹಗಲು ಕೆಲಸಕ್ಕೆ ಹೋಗುವವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಇದು ದೊಡ್ಡ ಅನುಕೂಲ. ನಾವು ತೆಗೆದುಕೊಳ್ಳಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಮರ ಬಿದ್ದ ತಂತಿ ಸರಿಯಾಗುವವರೆಗೆ ಬರುವುದಿಲ್ಲ. ಕೈಯಿಂದ ಮಾಡುವ ವಿಧಾನಕ್ಕೆ ಕರೆಂಟ್ ಬೇಡ. ಒಂದು ಕೊಕ್ಕೆಗೆ ಚೀಲ ನೇತು ಹಾಕಿದರೆ ಆಯಿತು. ನಮ್ಮಂಥ ಮನೆಗೆ ಇದೇ ಸರಿ ಎಂದು ನನ್ನ ಅಭಿಪ್ರಾಯ.

ಚೀಲದ ಲೆಕ್ಕವೂ ಹಾಳೆಯಲ್ಲೇ ಇದೆ. ದಿನಕ್ಕೆ ಮೂರರಂತೆ ತಿಂಗಳಿಗೆ 90 ಚೀಲ, ಅಂದರೆ 180 ಲೀಟರ್. ಅಡಿಕೆ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ ಮರದ ಹಲಗೆಯ ಮೇಲೆ ಪೆಟ್ಟಿಗೆ ಜೋಡಿಸಿದ್ದೇವೆ. ನೆಲದ ತೇವ ತಾಗಬಾರದು. ಎರಡು ವಾರಕ್ಕೆ ಆಗುವಷ್ಟು ಮಾತ್ರ ಉಳಿದರೆ ಆ ಅಂಕಣ ಕೆಂಪಾಗುತ್ತದೆ. ಆಗ ಕೂಡಲೇ ಫೋನ್ ಮಾಡಿ ತರಿಸುತ್ತೇವೆ.

ರಕ್ತ ಪರೀಕ್ಷೆಯ ವರದಿಗಳದ್ದು ಬೇರೆಯೇ ಗೋಳು. ಗಡಿಯ ಈಚೆ ಒಂದು ಲ್ಯಾಬ್, ಆಚೆ ಒಂದು ಆಸ್ಪತ್ರೆ. ಈಚೆಗೆ ಒಂದು ನೋಂದಣಿ ಸಂಖ್ಯೆ, ಆಚೆಗೆ ಇನ್ನೊಂದು. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂದ ಮೇಲೆ 14 ಅಂಕಿಯ ಆಭಾ ಸಂಖ್ಯೆ ಮಾಡಿಸಬಹುದು. ದೇಶದಲ್ಲಿ ಎಲ್ಲಿ ತೋರಿಸಿದರೂ ದಾಖಲೆ ಒಂದೇ ಕಡೆ ಸೇರಬೇಕು ಎಂಬುದು ಅದರ ಉದ್ದೇಶ. ಆಧಾರ್ ಮತ್ತು ಒಟಿಪಿ ಇದ್ದರೆ ಮನೆಯಲ್ಲೇ ಆಗುತ್ತದೆ. ಅತ್ತೆಯದ್ದನ್ನೂ ಮಾಡಿದೆವು. ಗಡಿನಾಡಿನವರಿಗೆ ಇದಕ್ಕಿಂತ ಬೇಕಾದ್ದು ಬೇರೆ ಇಲ್ಲ. ಆದರೆ ಆಸ್ಪತ್ರೆ, ಲ್ಯಾಬ್ ಎರಡೂ ಅದಕ್ಕೆ ಸೇರಿದ್ದರೆ ಮಾತ್ರ ವರದಿ ಬರುತ್ತದೆ. ಸೇರದ ಕಡೆಯದ್ದನ್ನು ನಾವು ಇನ್ನೂ ಫೋಟೋ ತೆಗೆದೇ ಸೇರಿಸುತ್ತೇವೆ. ಎರಡೂ ರಾಜ್ಯದವರು ಈ ಕೆಲಸವನ್ನು ಬೇಗ ಮುಗಿಸಬೇಕು. ಕಾಗದದ ಕಟ್ಟು ಹಿಡಿದು ಗಡಿ ದಾಟುವ ಮುದುಕರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಫೋನಿನಿಂದ ಆಗದ್ದೂ ಇದೆ. ಕ್ರಿಯಾಟಿನಿನ್, ಪೊಟ್ಯಾಸಿಯಂ, ಫಾಸ್ಫರಸ್, ಹಿಮೋಗ್ಲೋಬಿನ್ ನೋಡಲು ರಕ್ತ ಕೊಡಲೇಬೇಕು. ಡಾಕ್ಟರು ಹೊಟ್ಟೆ ಮುಟ್ಟಿ, ಕಾಲು ಒತ್ತಿ ನೋಡಲೇಬೇಕು. ಅತ್ತೆ ಗುಟ್ಟಾಗಿ ಒಂದು ಹಲಸಿನ ಹಪ್ಪಳ ತಿಂದರೆ ಅದರ ಉಪ್ಪು ಮಾರನೇ ದಿನ ತೂಕದಲ್ಲಿ ಗೊತ್ತಾಗುತ್ತದೆ, ನಿಜ. ಆದರೆ ಬೈದು ಪ್ರಯೋಜನವಿಲ್ಲ. ಅವರಿಗೆ ಗ್ರಾಫ್ ತೋರಿಸಿ, "ಇಲ್ಲಿ ನೋಡಿ ಅತ್ತೆ," ಎನ್ನುತ್ತೇನೆ. ಈಗ ಅವರೇ ಕನ್ನಡಕ ಹಾಕಿಕೊಂಡು ನೋಡುತ್ತಾರೆ. "ಇವತ್ತು ಉಪ್ಪಿನಕಾಯಿ ಬೇಡ ಮಗಾ," ಎಂದು ತಾವೇ ಹೇಳುವ ದಿನಗಳೂ ಇವೆ. ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲಿ ಮೈಯ ಪ್ರೋಟೀನ್ ನೀರಿನ ಜೊತೆ ಹೋಗುತ್ತದೆ. ಹಾಗಾಗಿ ಮೊಟ್ಟೆ, ಬೇಳೆ ತಿನ್ನಿ ಎಂದರು. ಮೊಟ್ಟೆ ನಮ್ಮ ಅಡುಗೆಮನೆಗೆ ಬರುವುದಿಲ್ಲ. ಹೆಸರುಬೇಳೆ, ಪನೀರ್ ಎಷ್ಟು ಹಾಕಬೇಕು ಎಂದು ಆಹಾರ ತಜ್ಞೆ ವಿಡಿಯೋ ಕಾಲ್‌ನಲ್ಲಿ ನಮ್ಮ ಪಾತ್ರೆ, ಸೌಟು ನೋಡಿಯೇ ಲೆಕ್ಕ ಹೇಳಿದರು.

ಎಲ್ಲಕ್ಕಿಂತ ಮುಖ್ಯವಾದ್ದು, ಆಚೆ ಕಡೆ ನೋಡುವವರು ಬೇಕು. ನಾವು ಎಷ್ಟೇ ಚೆನ್ನಾಗಿ ತುಂಬಿಸಿದರೂ ಆ ಸಿಸ್ಟರ್ ದಿನಕ್ಕೊಮ್ಮೆ ಹಾಳೆ ತೆರೆಯದಿದ್ದರೆ ಮಲಬದ್ಧತೆಯೂ ಗೊತ್ತಾಗುತ್ತಿರಲಿಲ್ಲ, ಮಬ್ಬು ನೀರಿಗೆ ಅಷ್ಟು ಬೇಗ ಉತ್ತರವೂ ಸಿಗುತ್ತಿರಲಿಲ್ಲ. ಅವರು ತಮ್ಮ ಡ್ಯೂಟಿ ಮುಗಿದ ಮೇಲೂ ನೋಡುತ್ತಾರೆ. ಅದು ಅವರ ಒಳ್ಳೆಯತನ. ಒಬ್ಬರ ಒಳ್ಳೆಯತನದ ಮೇಲೆ ಇಷ್ಟು ಜನರ ಜೀವ ನಿಲ್ಲಬಾರದು. ಆಸ್ಪತ್ರೆಗಳು ಆ್ಯಪ್‌ಗೆ ಖರ್ಚು ಮಾಡುವಾಗ, ಬಂದ ದಾಖಲೆ ನೋಡುವ ಒಬ್ಬ ನರ್ಸಿನ ಸಂಬಳವನ್ನೂ ಅದರಲ್ಲೇ ಲೆಕ್ಕ ಹಿಡಿಯಬೇಕು.

ಪೆರ್ಲದ ಕಡೆಯ ಒಂದು ಮನೆಯವರು ಈಗ ನಮ್ಮ ಹಾಳೆಯ ಖಾಲಿ ಪ್ರತಿ ತೆಗೆದುಕೊಂಡು ಹೋಗಿದ್ದಾರೆ. ಅವರ ಮಗಳಿಗೆ ಮಲಯಾಳ ಓದಲು ಸುಲಭ, ಹಾಗಾಗಿ ಅವಳು ಅಂಕಣಗಳನ್ನು ಎರಡೂ ಭಾಷೆಯಲ್ಲಿ ಮಾಡಿಕೊಂಡಿದ್ದಾಳೆ. ನಾನು ಅವರಿಗೆ ಹೇಳಿದ್ದು ಇಷ್ಟು: ಸಂಖ್ಯೆ ತುಂಬಿಸಲು ಶುರು ಮಾಡುವ ಮೊದಲು ನಿಮ್ಮ ಡಾಕ್ಟರಲ್ಲಿ ಕೇಳಿಕೊಳ್ಳಿ. ತೂಕ ಎಷ್ಟು ಏರಿದರೆ, ಹೊರಬರುವ ನೀರು ಎಷ್ಟಕ್ಕಿಂತ ಇಳಿದರೆ, ಬಿ.ಪಿ. ಎಷ್ಟು ದಾಟಿದರೆ ಫೋನ್ ಮಾಡಬೇಕು ಎಂದು. ಅದನ್ನು ಹಾಳೆಯ ಮೇಲ್ತುದಿಯಲ್ಲೇ ದಪ್ಪ ಅಕ್ಷರದಲ್ಲಿ ಬರೆದಿಡಿ. ರಾತ್ರಿ ಯಾರ ನಂಬರಿಗೆ ಕರೆಯಬೇಕು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ.